ಡಾಕ್ಸ್ ಓದಿ ಹೇಳೋ ಎಐ ಟೂಲ್‌ಗಳು: ಯಾವುದು ಎಲ್ಲಿಂದ ಓದತ್ತೆ, ಡಾಕ್ಸ್ ಬರೆದವರಿಗೆ ಏನಾಗ್ತಿದೆ

2026ರ ಜನವರಿ ಮೊದಲ ವಾರದಲ್ಲಿ ವೆಬ್ ಪೇಜ್ ಡಿಸೈನ್ ಮಾಡೋಕೆ ಬಳಸೋ ಟೈಲ್‌ವಿಂಡ್ ಸಿಎಸ್‌ಎಸ್ ಫ್ರೇಮ್‌ವರ್ಕ್ ಮಾಡಿದ ಆಡಂ ವಾದನ್, ಕೋಡ್ ಹಂಚಿಕೊಳ್ಳೋ ಸೈಟ್ ಗಿಟ್‌ಹಬ್‌ನಲ್ಲಿ ಹಾಕಿದ ಒಂದು ಕಾಮೆಂಟ್ ಎಲ್ಲ ಡೆವಲಪರ್ ಗ್ರೂಪ್‌ಗಳಲ್ಲೂ ಓಡಾಡ್ತು. ವಿಷಯ ಏನಪ್ಪಾ ಅಂದ್ರೆ, ಟೈಲ್‌ವಿಂಡ್ ಡಾಕ್ಯುಮೆಂಟೇಶನ್‌ನ (ಹೇಗೆ ಬಳಸೋದು ಅಂತ ಬರೆದಿರೋ ಕೈಪಿಡಿ, ಚಿಕ್ಕದಾಗಿ ಡಾಕ್ಸ್) ಎಐ ಮಾಡೆಲ್‌ಗಳು ಸುಲಭವಾಗಿ ಓದೋ ಹಾಗೆ ಮಾಡೋಣ ಅಂತ ಒಬ್ರು ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯ ಪ್ರಸ್ತಾಪ) ಕಳಿಸಿದ್ರು, ಅದನ್ನ ಸದ್ಯಕ್ಕೆ ತಗೊಳ್ಳೋಕಾಗಲ್ಲ ಅಂತ ಹೇಳೋವಾಗ ಅವರು ಕಾರಣಾನೂ ಕೊಟ್ರು: ಎಂಜಿನಿಯರಿಂಗ್ ಟೀಮ್‌ನ 75% ಜನರನ್ನ ಹಿಂದಿನ ದಿನಾನೇ ಕೆಲಸದಿಂದ ತೆಗೀಬೇಕಾಯ್ತು, ಡಾಕ್ಸ್ ಸೈಟಿಗೆ ಬರೋ ಟ್ರಾಫಿಕ್ 2023ರ ಆರಂಭಕ್ಕಿಂತ ಸುಮಾರು 40% ಇಳಿದಿದೆ, ಆದಾಯ 80% ಹತ್ತಿರ ಬಿದ್ದೋಗಿದೆ. ಜೊತೆಗೆ ಅದೇ ಕಾಮೆಂಟಲ್ಲಿ ಟೈಲ್‌ವಿಂಡ್ ಹಿಂದೆಂದಿಗಿಂತ ಜಾಸ್ತಿ ಜನಪ್ರಿಯ ಆಗಿದೆ ಅಂತಾನೂ ಇತ್ತು.

ತುಂಬ ಜನಕ್ಕೆ ಅರ್ಥ ಆಗದೇ ಇದ್ದದ್ದು ಇದೇ. ಬಳಸೋರು ಜಾಸ್ತಿ ಆಗ್ತಿದ್ರೆ ದುಡ್ಡು ಯಾಕೆ ಕಮ್ಮಿ ಆಗತ್ತೆ? ಇನ್ನೊಂದು ಪ್ರಶ್ನೆ, ಡಾಕ್ಸ್‌ನ ಎಐ ಓದಿ ಡೆವಲಪರ್‌ಗೆ ಹೇಳಿದ್ರೆ ಡಾಕ್ಸ್ ಬರೆದವರಿಗೆ ಅದ್ರಿಂದ ಏನು ನಷ್ಟ? ಇದಕ್ಕೆ ಉತ್ತರ ಬೇಕು ಅಂದ್ರೆ ಈಗ ಮಾರ್ಕೆಟ್‌ನಲ್ಲಿರೋ ಡಾಕ್ಸ್ ಟೂಲ್‌ಗಳು ಒಂದೊಂದೂ ಹೇಗೆ ಕೆಲಸ ಮಾಡ್ತವೆ, ಅವು ಓದೋ ಪಠ್ಯ ಎಲ್ಲಿಂದ ಬರತ್ತೆ ಅಂತ ನೋಡ್ಬೇಕು. ಹೋಲಿಕೆ ಮಾಡೋವಾಗ ಎಲ್ರೂ ಯಾವ್ದು ಫಾಸ್ಟು, ಯಾವ್ದು ಫ್ರೀ ಅಂತ ಕೇಳ್ತಾರೆ, ನನ್ನ ಪ್ರಕಾರ ಮೊದಲು ಕೇಳಬೇಕಾಗಿರೋದು ಅದು ಯಾರು ಬರೆದಿದ್ದನ್ನ ಓದ್ತಿದೆ, ಯಾವ ವರ್ಷನ್ ಓದ್ತಿದೆ ಅನ್ನೋದನ್ನ.

ಟೈಲ್‌ವಿಂಡ್‌ಗೆ ದುಡ್ಡು ಬರ್ತಿದ್ದ ದಾರಿ

ಟೈಲ್‌ವಿಂಡ್ 2017ರಿಂದ ಇದೆ, ಫ್ರೇಮ್‌ವರ್ಕ್ ಪೂರ್ತಿ ಓಪನ್ ಸೋರ್ಸ್, ಯಾರು ಬೇಕಾದ್ರೂ ಬಿಟ್ಟಿ ಬಳಸ್ಬೋದು. ಕಂಪನಿ ಮಾರ್ತಿದ್ದದ್ದು ಬೇರೆ: ರೆಡಿಮೇಡ್ ಕಾಂಪೊನೆಂಟ್‌ಗಳು, ಟೆಂಪ್ಲೇಟ್‌ಗಳು. 2020ರಲ್ಲಿ ಟೈಲ್‌ವಿಂಡ್ ಯುಐ ಅಂತ ಶುರುವಾಗಿ ಆಮೇಲೆ ಟೈಲ್‌ವಿಂಡ್ ಪ್ಲಸ್ ಅಂತ ಹೆಸರು ಬದಲಾಯ್ತು, ಒಂದ್ಸಲ ದುಡ್ಡು ಕೊಟ್ರೆ ಸಾಕು, ಆಮೇಲೆ ತಿಂಗಳ ಬಾಡಿಗೆ ಇಲ್ಲ. ಅಂದ್ರೆ ಆದಾಯ ನಿಲ್ಲದೇ ಬರ್ಬೇಕು ಅಂದ್ರೆ ಹೊಸ ಗಿರಾಕಿಗಳು ಬರ್ತಾನೇ ಇರಬೇಕು.

ಆ ಹೊಸ ಗಿರಾಕಿಗಳು ಬರ್ತಿದ್ದದ್ದು ಡಾಕ್ಸ್‌ನಿಂದ. ಒಬ್ಬ ಡೆವಲಪರ್‌ಗೆ ಗ್ರಿಡ್ ಕ್ಲಾಸ್ ಹೆಸರು ಮರೆತೋಗತ್ತೆ, ಗೂಗಲ್ ಮಾಡ್ತಾನೆ, ಡಾಕ್ಸ್ ಪೇಜ್ ಓಪನ್ ಆಗತ್ತೆ, ಮೇಲಗಡೆ ಅಥವಾ ಪಕ್ಕದಲ್ಲಿ ಪೇಯ್ಡ್ ಕಾಂಪೊನೆಂಟ್‌ಗಳ ಲಿಂಕ್ ಕಾಣತ್ತೆ, ಅವತ್ತು ತಗೊಳ್ಳದಿದ್ರೂ ಆಫೀಸಲ್ಲಿ ಹೊಸ ಪ್ರಾಜೆಕ್ಟ್ ಶುರುವಾದಾಗ ನೆನಪಾಗತ್ತೆ. ಈಗ ಅದೇ ಡೆವಲಪರ್ ಎಡಿಟರ್ ಒಳಗೇ ಎಐಗೆ ಹೇಳ್ತಾನೆ, ಅದು ಕ್ಲಾಸ್ ಹೆಸರು ಮಾತ್ರ ಅಲ್ಲ ಇಡೀ ಪೇಜನ್ನೇ ಬರೆದು ಕೊಡತ್ತೆ. ಡಾಕ್ಸ್ ಪೇಜ್ ತೆರೆಯೋ ಅಗತ್ಯಾನೂ ಬರಲ್ಲ, ಸಿದ್ಧ ಕಾಂಪೊನೆಂಟ್ ಕೊಳ್ಳೋ ಅಗತ್ಯಾನೂ ಕಮ್ಮಿ ಆಯ್ತು. ಹಾಗಾಗಿ ಎರಡು ಪೆಟ್ಟು ಒಟ್ಟಿಗೇ ಬಿತ್ತು, ಒಂದು ಗಿರಾಕಿ ಬರೋ ದಾರಿಗೆ, ಇನ್ನೊಂದು ಮಾರೋ ಸರಕಿಗೆ. ಇದ್ರಲ್ಲಿ ಯಾವುದು ಎಷ್ಟು ಅಂತ ಹೊರಗಿನವರು ಬಿಡಿಸಿ ಹೇಳೋಕೆ ಆಗಲ್ಲ. ಡಾಕ್ಸ್ ಟ್ರಾಫಿಕ್ ಒಂದರಿಂದಲೇ ಎಲ್ಲಾ ಹಾಳಾಯ್ತು ಅಂತ ವಾದ ಮಾಡೋರು ಎರಡನೇ ಭಾಗಾನ ಬಿಟ್ಟುಬಿಡ್ತಾರೆ.

ಡಾಕ್ಸ್ ಟೂಲ್ ಯಾಕೆ ಬೇಕಾಯ್ತು

ಮಾಡೆಲ್‌ಗೆ ಎಲ್ಲಾ ಗೊತ್ತಿದ್ರೆ ಈ ಟೂಲ್‌ಗಳೇ ಬೇಕಾಗ್ತಿರಲಿಲ್ಲ. ತೊಂದ್ರೆ ಏನಂದ್ರೆ ಮಾಡೆಲ್‌ನ ಟ್ರೈನಿಂಗ್ ಡೇಟಾ ಒಂದು ದಿನಾಂಕಕ್ಕೆ ನಿಂತೋಗತ್ತೆ, ಲೈಬ್ರರಿಗಳು (ಬೇರೆಯವರು ಬರೆದಿಟ್ಟ, ನಾವು ಬಳಸೋ ಕೋಡ್) ನಿಲ್ಲಲ್ಲ. ಇನ್ನೂ ಒಂದು ಸೂಕ್ಷ್ಮ ಇದೆ, ಹೊಸ ವರ್ಷನ್ ಟ್ರೈನಿಂಗ್ ಡೇಟಾದಲ್ಲಿ ಸೇರಿದ್ರೂ ಹಳೇ ವರ್ಷನ್ ಬಗ್ಗೆ ಇಂಟರ್ನೆಟ್‌ನಲ್ಲಿ ಹತ್ತಾರು ಪಟ್ಟು ಜಾಸ್ತಿ ಬರಹ ಇರತ್ತೆ, ಹಾಗಾಗಿ ಮಾಡೆಲ್ ಹಳೇದ್ರ ಕಡೆಗೇ ವಾಲತ್ತೆ.

ಟೈಲ್‌ವಿಂಡನ್ನೇ ತಗೊಳ್ಳಿ. 2025ರ ಜನವರಿಯಲ್ಲಿ 4ನೇ ವರ್ಷನ್ ಬಂತು. ಅದಕ್ಕೂ ಮುಂಚೆ ಒಂದು ಹೊಸ ಬ್ರ್ಯಾಂಡ್ ಬಣ್ಣ ಸೇರಿಸ್ಬೇಕು ಅಂದ್ರೆ ಜಾವಾಸ್ಕ್ರಿಪ್ಟ್ ಕಾನ್ಫಿಗ್ ಫೈಲಲ್ಲಿ ಬರೀಬೇಕಿತ್ತು. 4ರಲ್ಲಿ ಅದನ್ನ ಸಿಎಸ್‌ಎಸ್ ಫೈಲ್ ಒಳಗೇ ಥೀಮ್ ಬ್ಲಾಕಲ್ಲಿ ಬರೀತಾರೆ, ಹಳೇ ಕಾನ್ಫಿಗ್ ಫೈಲ್ ಇಟ್ರೂ ನೀವು ಬೇರೆ ಸಾಲು ಹಾಕಿ ಲೋಡ್ ಮಾಡದೇ ಇದ್ರೆ ಟೈಲ್‌ವಿಂಡ್ ಅದನ್ನ ತಾನಾಗಿ ಓದಲ್ಲ. ಈಗ ಹಳೇ ಜ್ಞಾನ ಇರೋ ಮಾಡೆಲ್ ಕಾನ್ಫಿಗ್ ಫೈಲ್ ಸೃಷ್ಟಿಸಿ ಬಣ್ಣ ಬರೆದಿಡತ್ತೆ, ಎರರ್ ಬರಲ್ಲ, ಬಣ್ಣಾನೂ ಬರಲ್ಲ, ಡೆವಲಪರ್ ಕೂತ್ಕೊಂಡು ಯಾಕೆ ಬರ್ತಿಲ್ಲ ಅಂತ ತಲೆ ಕೆಡಿಸ್ಕೋತಾನೆ. ಇನ್ನೂ ಮೋಸ ಆಗೋ ಜಾಗ ಇದೆ: 3ನೇ ವರ್ಷನ್‌ನಲ್ಲಿ ಶ್ಯಾಡೋ-ಎಸ್‌ಎಂ ಅಂತಿದ್ದ ಕ್ಲಾಸ್ 4ರಲ್ಲಿ ಶ್ಯಾಡೋ-ಎಕ್ಸ್‌ಎಸ್ ಆಯ್ತು, ಬರೀ ಶ್ಯಾಡೋ ಅಂತಿದ್ದದ್ದು ಶ್ಯಾಡೋ-ಎಸ್‌ಎಂ ಆಯ್ತು. ಅಂದ್ರೆ ಶ್ಯಾಡೋ-ಎಸ್‌ಎಂ ಎರಡೂ ವರ್ಷನ್‌ನಲ್ಲಿ ಇದೆ, ಅರ್ಥ ಬೇರೆ, ನೆರಳಿನ ಗಾತ್ರ ಬೇರೆ. ಇಂಥ ತಪ್ಪನ್ನ ಯಾವ ಬಿಲ್ಡ್ ಟೂಲೂ ಹಿಡಿಯಲ್ಲ.

ಇದು ಹಳೇ ಮಾಹಿತಿಯ ತೊಂದ್ರೆ. ಇಲ್ಲದೇ ಇರೋದನ್ನ ಹುಟ್ಟುಹಾಕೋ ತೊಂದ್ರೆ ಇನ್ನೊಂದು. 2025ರ ಯೂಸ್‌ನಿಕ್ಸ್ ಸೆಕ್ಯುರಿಟಿ ಸಮ್ಮೇಳನದ ಒಂದು ಅಧ್ಯಯನದಲ್ಲಿ 16 ಮಾಡೆಲ್‌ಗಳಿಂದ 5,76,000 ಕೋಡ್ ಸ್ಯಾಂಪಲ್ ಬರೆಸಿ ನೋಡಿದಾಗ ಅವು ಸೂಚಿಸಿದ ಪ್ಯಾಕೇಜ್‌ಗಳಲ್ಲಿ 19.7% ಅಸ್ತಿತ್ವದಲ್ಲೇ ಇರಲಿಲ್ಲ. ದುಡ್ಡು ಕೊಟ್ಟು ಬಳಸೋ ಮಾಡೆಲ್‌ಗಳಲ್ಲಿ ಇದು ಸುಮಾರು 5%, ಓಪನ್ ಮಾಡೆಲ್‌ಗಳಲ್ಲಿ 21% ಮೇಲೆ. ಆ ಸುಳ್ಳು ಹೆಸರಲ್ಲಿ ಯಾರಾದ್ರೂ ನಿಜವಾದ ಪ್ಯಾಕೇಜ್ ಮಾಡಿ ಒಳಗೆ ಮಾಲ್‌ವೇರ್ ತುಂಬಿ ಕಾಯ್ತಾ ಕೂತ್ರೆ, ನೋಡದೇ ಇನ್‌ಸ್ಟಾಲ್ ಮಾಡಿದವನ ಕಥೆ ಮುಗೀತು. ಇದಕ್ಕೆ ಸ್ಲಾಪ್‌ಸ್ಕ್ವಾಟಿಂಗ್ ಅಂತ ಹೆಸರೂ ಬಂದಿದೆ.

ಹಾಗಾಗಿ ಉತ್ತರ ಕೊಡೋ ಮೊದಲು ಅಸಲಿ ಡಾಕ್ಸ್ ತಂದು ಮಾಡೆಲ್ ಮುಂದೆ ಇಡೋಣ ಅನ್ನೋ ಯೋಚನೆ ಬಂತು, ಅದು ಸರಿಯಾದ ಯೋಚನೇನೇ. ಹೇಗೆ ತರೋದು ಅನ್ನೋದ್ರಲ್ಲಿ ದಾರಿಗಳು ಬೇರೆ ಬೇರೆ ಆದ್ವು.

ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ: ಸೈಟಿನವರೇ ಇಡೋ ಫೈಲ್

2024ರ ಸೆಪ್ಟೆಂಬರ್‌ನಲ್ಲಿ ಆನ್ಸರ್ ಡಾಟ್ ಎಐನ ಜೆರೆಮಿ ಹೊವಾರ್ಡ್ ಒಂದು ಸರಳ ಪ್ರಸ್ತಾಪ ಇಟ್ರು. ಸೈಟಿನ ರೂಟಲ್ಲಿ ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ ಅನ್ನೋ ಒಂದು ಮಾರ್ಕ್‌ಡೌನ್ ಫೈಲ್ ಇಡಿ, ಅದ್ರಲ್ಲಿ ಪ್ರಾಜೆಕ್ಟ್ ಏನು, ಯಾವ ಪೇಜಲ್ಲಿ ಏನಿದೆ ಅಂತ ಲಿಂಕ್ ಸಮೇತ ಬರೀರಿ ಅಂತ. ವೆಬ್ ಪೇಜಲ್ಲಿ ಮೆನು, ಸ್ಕ್ರಿಪ್ಟ್, ಬ್ಯಾನರ್ ಅಂತ ನೂರೆಂಟು ಕಸ ಇರತ್ತೆ, ಅದನ್ನೆಲ್ಲ ಮಾಡೆಲ್‌ಗೆ ಓದಿಸಿದ್ರೆ ಟೋಕನ್ (ಮಾಡೆಲ್ ಓದೋ ಪಠ್ಯದ ಅಳತೆ) ಸುಮ್ನೆ ಖರ್ಚು. ಡಾಕ್ಸ್ ಹೋಸ್ಟ್ ಮಾಡೋ ಮಿಂಟ್ಲಿಫೈ ಅದೇ ವರ್ಷದ ನವೆಂಬರಲ್ಲಿ ತನ್ನಲ್ಲಿರೋ ಎಲ್ಲ ಸೈಟಿಗೂ ಇದನ್ನ ಸೇರಿಸ್ತು, ಅಲ್ಲಿಂದ ಬೇಗ ಹರಡ್ತು. ಟೈಲ್‌ವಿಂಡ್‌ಗೆ ಬಂದ ಪುಲ್ ರಿಕ್ವೆಸ್ಟೂ ಇದೇ ಜಾತಿದು.

ಇದ್ರ ಒಳ್ಳೇ ಗುಣ ಅಂದ್ರೆ ಬರೆದವರೇ ಇಡೋ ಫೈಲು, ನಡುವೆ ಯಾರೂ ಇಲ್ಲ, ಪಠ್ಯ ತಿದ್ದಿದ್ರೆ ಅಲ್ಲೇ ತಿದ್ದಿ ಹೋಗತ್ತೆ. ಕೊರತೆ ಅಂದ್ರೆ ಇದು ಬರೀ ಪ್ರಸ್ತಾಪ, ಮಾಡೆಲ್ ಇದನ್ನ ಹುಡುಕ್ಕೊಂಡು ಬಂದು ಓದಲೇಬೇಕು ಅಂತ ಯಾವ ನಿಯಮಾನೂ ಇಲ್ಲ. 2025ರಲ್ಲಿ ಗೂಗಲ್‌ನ ಜಾನ್ ಮುಲ್ಲರ್ ಇದನ್ನ, ಸರ್ಚ್ ಎಂಜಿನ್ ಈಗ ಲೆಕ್ಕಕ್ಕೇ ತಗೊಳ್ಳದ ಹಳೇ ಕೀವರ್ಡ್ಸ್ ಮೆಟಾ ಟ್ಯಾಗ್‌ಗೆ ಹೋಲಿಸಿದ್ರು. ಸರ್ಚ್ ವಿಷಯದಲ್ಲಿ ಆ ಮಾತು ಸರಿ ಇರ್ಬೋದು, ಆದ್ರೆ ಡೆವಲಪರ್ ತಾನೇ ಆ ಫೈಲಿನ ವಿಳಾಸ ಕಾಪಿ ಮಾಡಿ ಎಡಿಟರ್‌ಗೆ ಕೊಟ್ಟಾಗ ಇದು ಚೆನ್ನಾಗೇ ಕೆಲಸ ಮಾಡತ್ತೆ.

ಕಾಂಟೆಕ್ಸ್ಟ್ ಸೆವೆನ್: ನಡುವಿನ ಗೋಡೌನ್

2024ರ ನವೆಂಬರ್‌ನಲ್ಲಿ ಆಂತ್ರಾಪಿಕ್ ಎಂಸಿಪಿ ಅನ್ನೋ ಪ್ರೋಟೋಕಾಲ್ ಬಿಟ್ಟಮೇಲೆ ಎಡಿಟರ್ ಒಳಗಿನ ಎಐ ಹೊರಗಿನ ಟೂಲ್‌ಗಳನ್ನ ಒಂದೇ ರೀತಿಯಲ್ಲಿ ಕರೆಯೋಕೆ ಆಯ್ತು. ಅದ್ರ ಮೇಲೆ ಕಟ್ಟಿದ ಡಾಕ್ಸ್ ಟೂಲ್‌ಗಳಲ್ಲಿ ತುಂಬ ಹೆಸರು ಮಾಡಿದ್ದು ಅಪ್‌ಸ್ಟಾಶ್ ಕಂಪನಿಯ ಕಾಂಟೆಕ್ಸ್ಟ್ ಸೆವೆನ್. ಪ್ರಾಂಪ್ಟ್ ಕೊನೇಲಿ ಕಾಂಟೆಕ್ಸ್ಟ್ ಸೆವೆನ್ ಬಳಸು ಅಂತ ಬರೆದ್ರೆ ಸಾಕು, ಅದು ಮೊದಲು ನೀವು ಹೇಳಿದ ಲೈಬ್ರರಿ ಯಾವುದು ಅಂತ ಗುರುತಿಸತ್ತೆ, ಆಮೇಲೆ ಪ್ರಶ್ನೆಗೆ ಹೊಂದೋ ತುಣುಕುಗಳನ್ನ ತಂದು ಮಾಡೆಲ್ ಮುಂದೆ ಇಡತ್ತೆ. ವರ್ಷನ್ ಹೇಳಿದ್ರೆ, ಆ ವರ್ಷನ್‌ನ ಡಾಕ್ಸ್ ಅದ್ರಲ್ಲಿ ಸೇರಿದ್ರೆ, ಅದನ್ನೇ ತರತ್ತೆ.

ಹಿಂದೆ ನಡೆಯೋದು ಹೀಗೆ: ಡಾಕ್ಸ್ ತಗೊಂಡು ಕೋಡ್ ತುಣುಕುಗಳನ್ನ ಬೇರೆ ಮಾಡ್ತಾರೆ, ಪ್ರತಿ ತುಣುಕಿಗೂ ಇನ್ನೊಂದು ಮಾಡೆಲ್‌ನಿಂದ ಚಿಕ್ಕ ವಿವರಣೆ ಬರೆಸ್ತಾರೆ, ಅದನ್ನ ಸಂಖ್ಯೆಗಳ ಸಾಲಾಗಿ ಮಾಡಿ ಡೇಟಾಬೇಸಲ್ಲಿ ಇಡ್ತಾರೆ, ಪ್ರಶ್ನೆ ಬಂದಾಗ ಹತ್ತಿರದ ತುಣುಕುಗಳನ್ನ ಆರಿಸ್ತಾರೆ. ಅನುಕೂಲ ಸ್ಪಷ್ಟವಾಗಿದೆ, ಒಂದೇ ಟೂಲ್ ಹಾಕ್ಕೊಂಡ್ರೆ ಸಾವಿರಾರು ಲೈಬ್ರರಿ ಸಿಗತ್ತೆ, ಮಾಡೆಲ್‌ಗೆ ಹೋಗೋ ಪಠ್ಯಾನೂ ಚಿಕ್ಕದು. ನೆಕ್ಸ್ಟ್ ಜೆಎಸ್, ಟೈಲ್‌ವಿಂಡ್ ತರ ಬೇಗ ಬೇಗ ಬದಲಾಗೋ ಲೈಬ್ರರಿಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣತ್ತೆ.

ಆದ್ರೆ ಮೂರು ವಿಷಯ ಗಮನಿಸಬೇಕು. ಒಂದು, ಲೈಬ್ರರಿ ಮಾಡಿದವರೇ ಅಲ್ಲದೆ ಯಾರು ಬೇಕಾದ್ರೂ ಒಂದು ಲೈಬ್ರರಿನ ಅಲ್ಲಿ ಸೇರಿಸ್ಬೋದು, ಹಾಗಾಗಿ ಒಂದೇ ಹೆಸರಿಗೆ ಹಲವು ನಮೂದು ಸಿಗೋ ಸಂದರ್ಭ ಬರತ್ತೆ, ನಿಖರತೆ ಆಗ್ಲಿ ಸುರಕ್ಷತೆ ಆಗ್ಲಿ ಗ್ಯಾರಂಟಿ ಕೊಡೋಕಾಗಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ. ಎರಡು, ಎಂಸಿಪಿ ಸರ್ವರ್‌ನ (ಎಡಿಟರ್ ಜೊತೆ ಮಾತಾಡೋ ಭಾಗ) ಕೋಡ್ ಓಪನ್ ಸೋರ್ಸ್ ಆದ್ರೂ ಹಿಂದಿನ ಎಪಿಐ, ಪಾರ್ಸ್ ಮಾಡೋ ಎಂಜಿನ್, ಕ್ರಾಲ್ ಮಾಡೋ (ಸೈಟಿನ ಪೇಜ್‌ಗಳನ್ನ ತಾನಾಗಿ ಓದ್ಕೊಂಡು ಹೋಗೋ) ಎಂಜಿನ್ ಖಾಸಗಿ. ಯಾವ ತುಣುಕು ಯಾಕೆ ಆರಿಸ್ತು ಅಂತ ನೀವು ನೋಡೋಕಾಗಲ್ಲ.

ಮೂರನೇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸತ್ತೆ, ಯಾಕಂದ್ರೆ ಇದು ಕಾಂಟೆಕ್ಸ್ಟ್ ಸೆವೆನ್ ಒಂದಕ್ಕೇ ಸಂಬಂಧಿಸಿದ್ದಲ್ಲ, ತುಣುಕು ಮಾಡಿ ಹುಡುಕೋ ಎಲ್ಲ ಟೂಲ್‌ಗೂ ಇದೆ. ಒಳ್ಳೇ ಡಾಕ್ಸ್‌ನಲ್ಲಿ ಕೋಡ್ ಒಂದು ಕಡೆ ಇರತ್ತೆ, ಇದನ್ನ ಯಾವಾಗ ಬಳಸಬಾರದು, ಯಾವ ವರ್ಷನ್‌ನಿಂದ ಇದು ಬೇಡ, ಪ್ರೊಡಕ್ಷನ್‌ನಲ್ಲಿ ಇದ್ರಿಂದ ಏನು ಅಪಾಯ ಅನ್ನೋ ಎಚ್ಚರಿಕೆ ಅದ್ರ ಮೇಲಿನ ಪ್ಯಾರಾದಲ್ಲೋ ಬೇರೆ ಪೇಜಲ್ಲೋ ಇರತ್ತೆ. ತುಣುಕು ಮಾಡಿದಾಗ ಕೋಡ್ ಬರತ್ತೆ, ಎಚ್ಚರಿಕೆ ಹಿಂದೆ ಉಳಿಯತ್ತೆ. ಔಷಧಿ ಸಿಕ್ತು ಆದ್ರೆ ಊಟಕ್ಕೆ ಮುಂಚೆನಾ ಆಮೇಲಾ ಅಂತ ಬರೆದ ಚೀಟಿ ಸಿಗ್ಲಿಲ್ಲ ಅನ್ನೋ ಹಾಗೆ. ಡೇಟಾಬೇಸ್ ಮೈಗ್ರೇಶನ್, ಲಾಗಿನ್, ಪೇಮೆಂಟ್ ತರ ಕೆಲಸದಲ್ಲಿ ಆ ಹಿಂದುಳಿದ ಪ್ಯಾರಾನೇ ನಿಜವಾದ ಡಾಕ್ಯುಮೆಂಟೇಶನ್.

ಕಂಪನಿಗಳೇ ನಡೆಸೋ ಸರ್ವರ್‌ಗಳು

ಮೈಕ್ರೋಸಾಫ್ಟ್ 2025ರಲ್ಲಿ ತನ್ನ ಡಾಕ್ಸ್‌ಗೆ ಲರ್ನ್ ಎಂಸಿಪಿ ಸರ್ವರ್ ಬಿಡ್ತು, ಅಮೆಜಾನ್ ತನ್ನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನ ಡಾಕ್ಸ್‌ಗೆ ಅಂತಾನೇ ಒಂದು ಸರ್ವರ್ ಕೊಡ್ತು. ಇಲ್ಲಿ ಹುಡುಕೋದೂ, ಪೂರ್ತಿ ಪೇಜ್ ತರೋದೂ ಬೇರೆ ಬೇರೆ ಟೂಲ್ ಆಗಿ ಸಿಗತ್ತೆ. ಇದ್ರಿಂದ ಒಂದು ದೊಡ್ಡ ಲಾಭ: ಮಾಡೆಲ್ ಮೊದಲು ತುಣುಕು ನೋಡಿ, ಸಾಲದಿದ್ರೆ ಇಡೀ ಪೇಜ್ ಓದ್ಬೋದು, ಅಂದ್ರೆ ಮೇಲೆ ಹೇಳಿದ ಎಚ್ಚರಿಕೆ ಪ್ಯಾರಾ ಸಿಗೋ ಸಾಧ್ಯತೆ ಜಾಸ್ತಿ. ಪಠ್ಯದ ಜವಾಬ್ದಾರಿ ಯಾರದ್ದು ಅನ್ನೋದೂ ಖಚಿತ.

ಇವರಿಗೆ ಡಾಕ್ಸ್ ಓದೋರು ಸೈಟಿಗೆ ಬರದಿದ್ರೂ ಬೇಜಾರಿಲ್ಲ, ಯಾಕಂದ್ರೆ ದುಡ್ಡು ಬರೋದು ಕ್ಲೌಡ್ ಬಿಲ್‌ನಿಂದ. ಡೆವಲಪರ್ ಎಲ್ಲಿ ಓದಿದ್ರೂ ಕೊನೆಗೆ ಅಜೂರ್ ಅಥವಾ ಎಡಬ್ಲ್ಯೂಎಸ್ ಮೇಲೆ ಓಡಿಸಿದ್ರೆ ಆಯ್ತು. ಟೈಲ್‌ವಿಂಡ್‌ಗೂ ಇವರಿಗೂ ಇರೋ ವ್ಯತ್ಯಾಸ ಇದೇ. ಒಬ್ಬರಿಗೆ ಡಾಕ್ಸ್ ಅಂಗಡಿಯ ಬಾಗಿಲು, ಇನ್ನೊಬ್ಬರಿಗೆ ಅದು ಮಾರೋ ಸರಕಿನ ಜೊತೆ ಬರೋ ಕೈಪಿಡಿ. ಹಾಗಾಗಿ ದೊಡ್ಡ ಕಂಪನಿಗಳು ಖುಷಿಯಿಂದ ತೆರೆದು ಕೊಡ್ತಿದಾರೆ ಅಂತ ಚಿಕ್ಕ ಓಪನ್ ಸೋರ್ಸ್ ತಂಡಗಳೂ ಹಾಗೇ ಮಾಡ್ಲಿ ಅನ್ನೋದು ನ್ಯಾಯ ಅಲ್ಲ.

ಡೀಪ್‌ವಿಕಿ: ಡಾಕ್ಸ್ ಇಲ್ಲದ ಕಡೆ ಡಾಕ್ಸ್ ಬರೆಯೋದು

ಡೆವಿನ್ ಅನ್ನೋ ಎಐ ಕೋಡಿಂಗ್ ಟೂಲ್ ಮಾಡಿದ ಕಾಗ್ನಿಶನ್ ಕಂಪನಿ 2025ರ ಏಪ್ರಿಲ್‌ನಲ್ಲಿ ಡೀಪ್‌ವಿಕಿ ಬಿಡ್ತು. ಪಬ್ಲಿಕ್ ಗಿಟ್‌ಹಬ್ ರೆಪೊ (ಒಂದು ಪ್ರಾಜೆಕ್ಟ್‌ನ ಕೋಡ್ ಇರೋ ಜಾಗ) ವಿಳಾಸದಲ್ಲಿ ಗಿಟ್‌ಹಬ್ ಇರೋ ಜಾಗದಲ್ಲಿ ಡೀಪ್‌ವಿಕಿ ಅಂತ ಹಾಕಿದ್ರೆ ಆ ರೆಪೊ ಬಗ್ಗೆ ಎಐ ಬರೆದ ವಿಕಿ ತೆರೆಯತ್ತೆ, ಚಿತ್ರ ಸಮೇತ, ಪ್ರಶ್ನೆ ಕೇಳೋಕೂ ಜಾಗ ಇದೆ. ಇದು ಮೇಲಿನ ಎಲ್ಲದಕ್ಕಿಂತ ಮೂಲದಲ್ಲೇ ಬೇರೆ. ಅವು ಮನುಷ್ಯರು ಬರೆದ ಡಾಕ್ಸ್ ತಂದು ಕೊಡ್ತವೆ, ಇದು ಕೋಡ್ ಓದಿ ತಾನೇ ಡಾಕ್ಸ್ ಬರೆಯತ್ತೆ.

ಕೋಡ್ ಏನು ಮಾಡತ್ತೆ ಅಂತ ಕೋಡ್ ನೋಡಿ ಹೇಳ್ಬೋದು. ಯಾಕೆ ಹಾಗೆ ಮಾಡಿದ್ರು, ಯಾವ ಫೀಚರ್ ಅರ್ಧಕ್ಕೆ ಬಿಟ್ಟಿದ್ದಾರೆ, ಯಾವ ಫಂಕ್ಷನ್ ಹೊರಗಿನವರು ಬಳಸಬಾರದು ಅನ್ನೋದು ಕೋಡಲ್ಲಿ ಇರಲೇಬೇಕು ಅಂತಿಲ್ಲ, ಮಾಡಿದವರ ತಲೆಯಲ್ಲಿರತ್ತೆ. ರೆಪೊ ಒಳಗೆ ಒಂದು ಪ್ರಯೋಗದ ಫೋಲ್ಡರ್ ಇದ್ರೆ ಅದನ್ನೂ ಅಧಿಕೃತ ಫೀಚರ್ ತರ ವಿವರಿಸೋ ಅಪಾಯ ಇದೆ, ಓದೋಕೆ ಎಲ್ಲಾ ಒಂದೇ ಆತ್ಮವಿಶ್ವಾಸದಲ್ಲಿ ಇರತ್ತೆ. ಆಮೇಲೆ ಜನ ಅದನ್ನ ನಂಬಿ ಬಂದು ಮೇಂಟೇನರ್ (ಪ್ರಾಜೆಕ್ಟ್ ನೋಡ್ಕೊಳ್ಳೋರು) ಹತ್ರ ಇದ್ಯಾಕೆ ಕೆಲಸ ಮಾಡ್ತಿಲ್ಲ ಅಂತ ಕೇಳ್ತಾರೆ. ಆದ್ರೂ ನಾಲ್ಕು ವರ್ಷದಿಂದ ಯಾರೂ ಮುಟ್ಟದ, ರೀಡ್‌ಮಿ ಕೂಡ ಸರಿಯಾಗಿಲ್ಲದ ರೆಪೊ ಅರ್ಥ ಮಾಡ್ಕೋಬೇಕು ಅಂದ್ರೆ ಇದಕ್ಕಿಂತ ಒಳ್ಳೇ ಆರಂಭ ಸಿಗೋದು ಕಷ್ಟ. ಎಲ್ಲಿಂದ ನೋಡಬೇಕು ಅಂತ ತೋರಿಸೋ ನಕ್ಷೆಯಾಗಿ ಬಳಸಿ, ಕೊನೇ ಮಾತು ಕೋಡ್‌ನದ್ದೇ ಆಗಿರಲಿ.

ಕರ್ಸರ್ ತರ ಎಡಿಟರ್‌ಗಳಲ್ಲಿ ಡಾಕ್ಸ್ ವಿಳಾಸ ಕೊಟ್ರೆ ಅದೇ ಕ್ರಾಲ್ ಮಾಡಿ ಇಂಡೆಕ್ಸ್ ಮಾಡೋ ಸೌಲಭ್ಯಾನೂ ಇದೆ. ಅಲ್ಲಿ ನೋಡಬೇಕಾದ್ದು ಒಂದೇ, ಆ ಇಂಡೆಕ್ಸ್ ಯಾವತ್ತು ಮಾಡಿದ್ದು.

ತಂದ ಪಠ್ಯಾನೇ ಆಜ್ಞೆ ಆದ್ರೆ

ಹೊರಗಿಂದ ಪಠ್ಯ ತರೋ ಎಲ್ಲ ಟೂಲ್‌ಗಳಲ್ಲೂ ಒಂದು ಸುರಕ್ಷತೆಯ ತೂತು ಇದೆ. ಮಾಡೆಲ್‌ಗೆ ಡಾಕ್ಸ್‌ನ ವಾಕ್ಯಕ್ಕೂ ನಿಮ್ಮ ಆಜ್ಞೆಗೂ ನಡುವೆ ಗಟ್ಟಿ ಗೋಡೆ ಇಲ್ಲ, ಎರಡೂ ಅದಕ್ಕೆ ಪಠ್ಯಾನೇ. ಡಾಕ್ಸ್ ಒಳಗೆ ಯಾರಾದ್ರೂ ಈ ಲೈಬ್ರರಿ ಬಳಸೋ ಮೊದಲು ಈ ಸ್ಕ್ರಿಪ್ಟ್ ಓಡಿಸು ಅಂತ ಸೇರಿಸಿಟ್ರೆ, ಟರ್ಮಿನಲ್ ಪರ್ಮಿಶನ್ (ಕಂಪ್ಯೂಟರಲ್ಲಿ ಕಮಾಂಡ್ ಓಡಿಸೋ ಅನುಮತಿ) ಇರೋ ಎಐ ಏಜೆಂಟ್ ಅದನ್ನ ಪಾಲಿಸೋ ಸಾಧ್ಯತೆ ಇದೆ. ಪಠ್ಯಕ್ಕೂ ನಿಮಗೂ ನಡುವೆ ಎಷ್ಟು ಕೈಗಳು ಇವೆಯೋ ಅಷ್ಟು ಅಪಾಯ ಜಾಸ್ತಿ, ಹೊರಗಿನವರು ಸೇರಿಸೋಕೆ ಬಿಡೋ ಸಂಗ್ರಹಗಳಲ್ಲಿ ಇನ್ನೂ ಜಾಸ್ತಿ. ಕಮಾಂಡ್ ಓಡಿಸೋ ಮೊದಲು ಅನುಮತಿ ಕೇಳೋ ಸೆಟ್ಟಿಂಗ್‌ನ ಬೇಜಾರು ಅಂತ ಆಫ್ ಮಾಡಿಟ್ಟಿರೋರು ದಯವಿಟ್ಟು ಆನ್ ಮಾಡ್ಕೊಳ್ಳಿ.

ಯಾರ ವಾದ ಏನು

ಡಾಕ್ಸ್ ಬರೆಯೋರ ಕಡೆಯಿಂದ ಎರಡು ದೂರು ಇದೆ. ಒಂದು ವಾದನ್ ಹೇಳಿದ್ದು, ಓದೋರು ಬರಲ್ಲ ಅಂದ್ರೆ ಆದಾಯ ಇಲ್ಲ, ಆದಾಯ ಇಲ್ಲ ಅಂದ್ರೆ ಫ್ರೇಮ್‌ವರ್ಕ್ ನೋಡ್ಕೊಳ್ಳೋಕೆ ಜನ ಇರಲ್ಲ. ಇನ್ನೊಂದು, ಮನುಷ್ಯರು ಬರದಿದ್ರೂ ಮಷೀನುಗಳು ಬರ್ತವೆ, ಅದರ ಖರ್ಚು ಸೈಟಿನವರದ್ದು. ರೀಡ್ ದ ಡಾಕ್ಸ್ ಅನ್ನೋ ಸಂಸ್ಥೆ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳ ಡಾಕ್ಸ್ ಬಿಟ್ಟಿ ಹೋಸ್ಟ್ ಮಾಡತ್ತೆ. 2024ರ ಮೇ ತಿಂಗಳಲ್ಲಿ ಒಂದೇ ಒಂದು ಕ್ರಾಲರ್ ಅವರ ಸೈಟಿಂದ 73 ಟೆರಾಬೈಟ್ ಫೈಲ್ ಎಳ್ಕೊಂಡೋಯ್ತು, ಒಂದೇ ದಿನದಲ್ಲಿ 10 ಟೆರಾಬೈಟ್ ಹತ್ತಿರ, ಬ್ಯಾಂಡ್‌ವಿಡ್ತ್ ಬಿಲ್ 5,000 ಡಾಲರ್ ಮೇಲೆ. ಎಐ ಕ್ರಾಲರ್‌ಗಳನ್ನ ತಡೆದಮೇಲೆ ಆ ಫೈಲ್‌ಗಳ ದಿನದ ಟ್ರಾಫಿಕ್ 800 ಗಿಗಾಬೈಟ್‌ನಿಂದ 200ಕ್ಕೆ ಇಳೀತು ಅಂತ ಅವರೇ ಬರೆದಿದ್ದಾರೆ. ಬಿಟ್ಟಿ ಸೇವೆ ಕೊಡೋ ಒಂದು ಚಿಕ್ಕ ತಂಡಕ್ಕೆ ಇದು ಎಷ್ಟು ದೊಡ್ಡ ಹೊರೆ ಅಂತ ಯೋಚಿಸಿ.

ಬಳಸೋರ ಕಡೆಯ ವಾದಾನೂ ಗಟ್ಟಿ ಇದೆ. ಮಾಡೆಲ್‌ಗೆ ಸರಿಯಾದ ಡಾಕ್ಸ್ ಕೊಡದಿದ್ರೆ ಜನ ಎಐ ಬಳಸೋದೇನೂ ನಿಲ್ಸಲ್ಲ, ತಪ್ಪು ಕೋಡ್ ಬರೆಸ್ಕೊಂಡು ಆಮೇಲೆ ಲೈಬ್ರರಿನೇ ಸರಿ ಇಲ್ಲ ಅಂತಾರೆ. ಮಾಡೆಲ್‌ಗೆ ಚೆನ್ನಾಗಿ ಗೊತ್ತಿರೋ ಲೈಬ್ರರಿನೇ ಅದು ಮತ್ತೆ ಮತ್ತೆ ಸೂಚಿಸತ್ತೆ, ಬಾಗಿಲು ಹಾಕ್ಕೊಂಡ ಲೈಬ್ರರಿ ಹೊಸಬರ ಕಣ್ಣಿಗೇ ಬೀಳಲ್ಲ. ಓಪನ್ ಸೋರ್ಸ್ ಅಂದಮೇಲೆ ಡಾಕ್ಸ್ ಮುಚ್ಚಿಡೋದು ಸರಿಯಾ ಅನ್ನೋ ಪ್ರಶ್ನೆಯೂ ಇದೆ. ಅದಕ್ಕೆ ನನ್ನ ಉತ್ತರ: ವಾದನ್ ಏನನ್ನೂ ಮುಚ್ಚಲಿಲ್ಲ, ಡಾಕ್ಸ್ ಈಗಲೂ ಎಲ್ಲರಿಗೂ ತೆರೆದೇ ಇದೆ, ತಮ್ಮ ಆದಾಯ ಇನ್ನಷ್ಟು ಕಮ್ಮಿ ಮಾಡೋ ಕೆಲಸಕ್ಕೆ ತಾವೇ ಸಮಯ ಹಾಕಲ್ಲ ಅಂದ್ರು ಅಷ್ಟೇ. ಅದು ಅವರ ಹಕ್ಕು.

ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ಸೈಟ್ ಸ್ಟಾಕ್ ಓವರ್‌ಫ್ಲೋ ಕಡೆಯ ಅನುಭವ ಇವೆರಡರ ನಡುವೆ ಇದೆ. 2022ರ ಡಿಸೆಂಬರ್‌ನಲ್ಲಿ ಚಾಟ್‌ಜಿಪಿಟಿ ಬರೆದ ಉತ್ತರಗಳನ್ನ ನಿಷೇಧಿಸಿದವರು 2024ರ ಮೇನಲ್ಲಿ ಸೈಟಿನ ಉತ್ತರಗಳನ್ನ ಬಳಸೋಕೆ ಬಿಡೋ ಒಪ್ಪಂದಾನ ಓಪನ್ ಎಐ ಜೊತೆ ಮಾಡ್ಕೊಂಡ್ರು, ಆಗ ಸಿಟ್ಟಾಗಿ ತಮ್ಮ ಉತ್ತರಗಳನ್ನ ಅಳಿಸೋಕೆ ಹೋದ ಕೆಲವರ ಅಕೌಂಟ್ ಸಸ್ಪೆಂಡ್ ಆಯ್ತು. ಕಂಪನಿಗೆ ದುಡ್ಡು ಬರೋ ದಾರಿ ಸಿಕ್ತು, ಉತ್ತರ ಬರೆದವರಿಗೆ ಏನೂ ಬರಲಿಲ್ಲ.

ಮುಂದೆ ಏನಾಗಬಹುದು

ಟೈಲ್‌ವಿಂಡ್ ಸುದ್ದಿ ಹಬ್ಬಿದ ಕೆಲವೇ ದಿನಗಳಲ್ಲಿ ಗೂಗಲ್ ಎಐ ಸ್ಟುಡಿಯೋ, ವರ್ಸೆಲ್ ತರದವರು ಸ್ಪಾನ್ಸರ್ ಮಾಡೋಕೆ ಮುಂದೆ ಬಂದ್ರು. ಒಳ್ಳೇದೇ. ಆದ್ರೆ ಅದು ಬಂದಿದ್ದು ಟೈಲ್‌ವಿಂಡ್ ಹೆಸರು ಎಲ್ಲರಿಗೂ ಗೊತ್ತಿರೋದ್ರಿಂದ, ವಿಷಯ ದೊಡ್ಡ ಸುದ್ದಿ ಆಗಿದ್ರಿಂದ. ಒಬ್ಬರೇ ಕೂತು ಸಂಜೆ ಹೊತ್ತು ಡಾಕ್ಸ್ ಬರೆಯೋ ನೂರಾರು ಮೇಂಟೇನರ್‌ಗಳಿಗೆ ಆ ಸುದ್ದಿ ಆಗೋ ಅವಕಾಶಾನೇ ಇಲ್ಲ.

ಇನ್ನೊಂದು ದಾರಿ ದುಡ್ಡು ಕೊಟ್ಟು ಓದೋದು. 2025ರ ಜುಲೈನಲ್ಲಿ, ವೆಬ್‌ಸೈಟ್‌ಗಳಿಗೆ ರಕ್ಷಣೆ ಕೊಡೋ ಕಂಪನಿ ಕ್ಲೌಡ್‌ಫ್ಲೇರ್ ತನ್ನಲ್ಲಿ ಹೊಸದಾಗಿ ಸೇರೋ ಸೈಟ್‌ಗಳಿಗೆ ಎಐ ಕ್ರಾಲರ್ ತಡೆಯೋದನ್ನ ಡೀಫಾಲ್ಟ್ ಮಾಡ್ತು, ಪ್ರತಿ ಕ್ರಾಲ್‌ಗೆ ದುಡ್ಡು ತಗೊಳ್ಳೋ ವ್ಯವಸ್ಥೆನೂ ಪ್ರಯೋಗಕ್ಕೆ ಬಿಡ್ತು. ಇದು ಹರಡಿದ್ರೆ ಡಾಕ್ಸ್ ಟೂಲ್‌ಗಳಿಗೆ ಖರ್ಚು ಜಾಸ್ತಿ ಆಗತ್ತೆ, ಅದು ಕೊನೆಗೆ ಬಳಸೋರ ಸಬ್‌ಸ್ಕ್ರಿಪ್ಶನ್ ಮೇಲೆ ಬೀಳತ್ತೆ, ಈಗ ಬಿಟ್ಟಿ ಸಿಗೋದಕ್ಕೆ ಮಿತಿ ಬರತ್ತೆ.

ಇದಕ್ಕಿಂತ ನಿಧಾನವಾಗಿ, ಕಣ್ಣಿಗೆ ಕಾಣದ ಹಾಗೆ ಆಗೋ ಬದಲಾವಣೆ ಒಂದಿದೆ. ಡಾಕ್ಸ್ ಸೈಟಿಗೆ ಜನ ಬಂದಾಗ ಬರೆದವರಿಗೆ ಸುಳಿವು ಸಿಗ್ತಿತ್ತು: ಯಾವ ಪೇಜಿಗೆ ಜನ ಮತ್ತೆ ಮತ್ತೆ ಬರ್ತಾರೆ, ಏನು ಹುಡುಕಿ ಸಿಗದೇ ವಾಪಸ್ ಹೋಗ್ತಾರೆ, ಎಲ್ಲಿ ತಪ್ಪಿದೆ ಅಂತ ಇಶ್ಯೂ ಹಾಕ್ತಾರೆ. ಈಗ ಆ ಪ್ರಶ್ನೆಗಳೆಲ್ಲ ಎಡಿಟರ್ ಮಾಡಿದವರ ಅಥವಾ ನಡುವಿನ ಟೂಲ್‌ನವರ ಲಾಗಲ್ಲಿ ಉಳಿಯತ್ತೆ. ಬರೆದವರಿಗೆ ಗೊತ್ತಾಗಲ್ಲ, ಹಾಗಾಗಿ ಡಾಕ್ಸ್ ಸುಧಾರಿಸಲ್ಲ, ಡಾಕ್ಸ್ ಸುಧಾರಿಸದಿದ್ರೆ ಅದನ್ನ ಓದಿ ಹೇಳೋ ಎಐ ಉತ್ತರಾನೂ ಸುಧಾರಿಸಲ್ಲ. ಈ ಚಕ್ರದ ಬಗ್ಗೆ ಚರ್ಚೆ ತೀರಾ ಕಮ್ಮಿ ಆಗ್ತಿದೆ, ದುಡ್ಡಿನ ವಿಷಯಕ್ಕಿಂತ ಇದು ಚಿಕ್ಕದೇನಲ್ಲ.

ಹೊಸದಾಗಿ ಕಲಿಯೋರ ಮೇಲೂ ಪರಿಣಾಮ ಇದೆ. ನಮ್ಮ ಹಾಸನ, ಗದಗ, ರಾಯಚೂರು ಕಡೆಯ ಕಾಲೇಜುಗಳಿಂದ ಬರೋ ಕನ್ನಡ ಮೀಡಿಯಂ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಡಾಕ್ಸ್ ಒಂದು ದೊಡ್ಡ ಗೋಡೆ, ವೆಬ್ ಡೆವಲಪರ್‌ಗಳು ನೋಡೋ ಎಂಡಿಎನ್ ತರದ ಮುಖ್ಯ ಡಾಕ್ಸ್ ಸೈಟಲ್ಲೂ ಕನ್ನಡ ಆವೃತ್ತಿ ಇಲ್ಲ. ಅಂಥವರು ಅಸಲಿ ಪೇಜನ್ನ ಮಾಡೆಲ್ ಮುಂದೆ ಇಟ್ಟು ಇದನ್ನ ಕನ್ನಡದಲ್ಲಿ ಬಿಡಿಸಿ ಹೇಳು ಅಂತ ಕೇಳೋಕೆ ಆಗೋದು ನಿಜಕ್ಕೂ ದೊಡ್ಡ ಬದಲಾವಣೆ, ಇದನ್ನ ಯಾರೂ ಕೀಳಾಗಿ ನೋಡ್ಬಾರ್ದು. ಆದ್ರೆ ಉತ್ತರ ಸರಿಯಾ ಅಂತ ನೋಡೋಕೆ ಕೊನೆಗೆ ಆ ಇಂಗ್ಲಿಷ್ ಪೇಜೇ ಬೇಕು, ಆ ಪೇಜ್ ಓದೋ ಅಭ್ಯಾಸಾನೇ ಬೆಳೀಲಿಲ್ಲ ಅಂದ್ರೆ ತಪ್ಪು ಹಿಡಿಯೋರು ಯಾರು? ಸ್ಟಾಕ್ ಓವರ್‌ಫ್ಲೋದ 2025ರ ಸರ್ವೆಯಲ್ಲಿ ಎಐ ಉತ್ತರಗಳ ನಿಖರತೆ ನಂಬಲ್ಲ ಅಂದವರು 46%, ನಂಬ್ತೀವಿ ಅಂದವರು 33%, ಹೆಚ್ಚುಕಮ್ಮಿ ಸರಿ ಇದೆ ಆದ್ರೆ ಪೂರ್ತಿ ಸರಿ ಇಲ್ಲ ಅನ್ನೋ ಉತ್ತರಗಳಿಂದ ಬೇಸತ್ತವರು 66%. ಹೆಚ್ಚುಕಮ್ಮಿ ಸರಿ ಇರೋದನ್ನ ಹಿಡಿಯೋಕೆ ಅನುಭವ ಬೇಕು, ಹೊಸಬರ ಹತ್ರ ಇಲ್ಲದೇ ಇರೋದು ಅದೇ.

ಸದ್ಯಕ್ಕೆ ಯಾವುದು ಬಳಸೋದು

ಲೈಬ್ರರಿ ಮಾಡಿದವರೇ ಎಂಸಿಪಿ ಸರ್ವರ್ ಅಥವಾ ಎಲ್‌ಎಲ್‌ಎಂಎಸ್ ಫೈಲ್ ಕೊಟ್ಟಿದ್ರೆ ಮೊದಲು ಅದು. ಇಲ್ಲ ಅಂದ್ರೆ ಕಾಂಟೆಕ್ಸ್ಟ್ ಸೆವೆನ್ ತರದ್ದು, ಆದ್ರೆ ಅದು ಆರಿಸಿದ ನಮೂದು ಅಸಲಿ ರೆಪೊಗೆ ಸೇರಿದ್ದಾ ಅಂತ ಒಂದ್ಸಲ ನೋಡಿ. ಗೊತ್ತಿಲ್ಲದ ರೆಪೊ ಒಳಗೆ ದಾರಿ ಹುಡುಕೋಕೆ ಡೀಪ್‌ವಿಕಿ. ಯಾವುದನ್ನೇ ಬಳಸಿದ್ರೂ ಪ್ರಾಜೆಕ್ಟ್‌ನ ರೂಲ್ಸ್ ಫೈಲಲ್ಲಿ (ಎಐಗೆ ಸೂಚನೆ ಬರೆದಿಡೋ ಫೈಲ್) ಮುಖ್ಯ ಲೈಬ್ರರಿಗಳ ವರ್ಷನ್ ಬರೆದಿಡಿ, ಇದು ಎರಡು ನಿಮಿಷದ ಕೆಲಸ, ಮೇಲೆ ಹೇಳಿದ ಶ್ಯಾಡೋ ತರದ ತಪ್ಪುಗಳಲ್ಲಿ ಎಷ್ಟೋ ಅಲ್ಲೇ ನಿಲ್ತವೆ. ಒಂದೇ ಸಲ ಹತ್ತು ಎಂಸಿಪಿ ಸರ್ವರ್ ಹಾಕ್ಕೋಬೇಡಿ, ಪ್ರತಿ ಟೂಲ್‌ನ ವಿವರಣೆಯೂ ಮಾಡೆಲ್‌ನ ಕಾಂಟೆಕ್ಸ್ಟಲ್ಲಿ (ಅದು ಒಂದ್ಸಲಕ್ಕೆ ನೋಡೋ ಪಠ್ಯ) ಜಾಗ ತಿನ್ನತ್ತೆ, ಯಾವ್ದನ್ನ ಕರೀಬೇಕು ಅಂತಾನೂ ಅದಕ್ಕೆ ಗೊಂದಲ ಆಗತ್ತೆ. ಲಾಗಿನ್, ಪೇಮೆಂಟ್, ಡೇಟಾ ಅಳಿಸೋ ಕೆಲಸಗಳಿಗೆ ಉತ್ತರದ ಜೊತೆ ಮೂಲ ಪೇಜಿನ ಲಿಂಕ್ ಕೇಳಿ, ಆ ಪೇಜ್ ತೆರೆದು ಓದಿ.

ಎಐ ತಪ್ಪು ಹೇಳಿದ್ದು ಡಾಕ್ಸ್‌ನಲ್ಲೇ ಅಸ್ಪಷ್ಟ ಇರೋದ್ರಿಂದ ಅಂತ ಗೊತ್ತಾದ್ರೆ ಆ ಲೈಬ್ರರಿಯ ರೆಪೊದಲ್ಲಿ ಒಂದು ಇಶ್ಯೂ ಹಾಕಿ, ಬರೆದವರಿಗೆ ಈಗ ಅದು ಬೇರೆ ಕಡೆಯಿಂದ ಗೊತ್ತಾಗೋದು ಕಷ್ಟ. ಬೆಂಗಳೂರಿನ ಕಂಪನಿಗಳಲ್ಲಿ ಟೂಲ್ ಬಜೆಟ್ ನೋಡ್ಕೊಳ್ಳೋರಿಗೆ ಒಂದು ಮಾತು: ತಲೆಗಿಷ್ಟು ಅಂತ ತಿಂಗಳು ತಿಂಗಳು ಎಐ ಎಡಿಟರ್‌ಗೆ ಕಟ್ಟೋ ದುಡ್ಡಲ್ಲಿ ಒಂದು ಪಾಲನ್ನ ನಿಮ್ಮ ಪ್ರಾಡಕ್ಟ್ ನಿಂತಿರೋ ಎರಡು ಮೂರು ಲೈಬ್ರರಿಗಳ ಗಿಟ್‌ಹಬ್ ಸ್ಪಾನ್ಸರ್ಸ್‌ಗೆ ತೆಗೆದಿಡೋಕೆ ಮುಂದಿನ ಕ್ವಾರ್ಟರ್‌ನಲ್ಲೇ ಆಗತ್ತೆ, ಅದಕ್ಕೆ ಯಾವ ಹೊಸ ಟೂಲೂ ಬೇಕಿಲ್ಲ.